ಐಸ್ ಪೆಟ್ಟಿಗೆಯ ಸುಳ್ಳು

ಆ ಪೆಟ್ಟಿಗೆಯ ಮುಚ್ಚಳವನ್ನು ದಿನಕ್ಕೆ ಎರಡೇ ಸಲ ತೆಗೆಯಬೇಕೆಂದು ನಾನು ಹೇಳಿದ್ದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೊದಲ ದಿನ ಅದನ್ನು ಎಷ್ಟು ಸಲ ತೆಗೆದರೆಂದು ಸಂಜೆ ಕೇಳಿ ಎಣಿಸಿದೆ. ಹನ್ನೊಂದು ಸಲ. ಎರಡನೆಯ ದಿನ ಎಣಿಸುವುದನ್ನು ಬಿಟ್ಟೆ. ಎಣಿಸಿದರೆ ಸಿಟ್ಟು ಹೆಚ್ಚುತ್ತಿತ್ತೇ ಹೊರತು ಐಸ್ ಉಳಿಯುತ್ತಿರಲಿಲ್ಲ.

ಮೇ ತಿಂಗಳು. ಸುರಪುರದಲ್ಲಿ ನಮ್ಮ ಮನೆ ಗುಡ್ಡದ ಇಳಿಜಾರಿಗಿದೆ. ಹಗಲೆಲ್ಲ ಕಾದ ಬಂಡೆ ಹೊತ್ತು ಮುಳುಗಿದ ಮೇಲೂ ಹಿತ್ತಿಲಿನ ಗೋಡೆಯ ಮೂಲಕ ನಮ್ಮನ್ನು ಸುಡುತ್ತಿರುತ್ತದೆ. ಭಾನುವಾರ ಮಧ್ಯಾಹ್ನ ಓಣಿಯ ಟ್ರಾನ್ಸ್‌ಫಾರ್ಮರ್ ದೊಡ್ಡ ಸದ್ದು ಮಾಡಿ ಸುಟ್ಟುಹೋಯಿತು. ಬೇರೆಯದು ಬರಲು ನಾಲ್ಕೈದು ದಿನ ಬೇಕೆಂದು ಲೈನ್‌ಮನ್ ಕಂಬದ ಕೆಳಗೆ ನಿಂತೇ ಹೇಳಿ ಹೋದ. ಓಣಿಯೆಲ್ಲ ಫ್ಯಾನು ನಿಂತದ್ದರ ಬಗ್ಗೆ ಮಾತಾಡಿತು. ನಮ್ಮ ಮನೆಯಲ್ಲಿ ಮೂವರು, ಅಪ್ಪ, ಅವ್ವ ಮತ್ತು ನಾನು, ಫ್ರಿಜ್ಜಿನ ಕಡೆ ನೋಡಿದೆವು. ಅದರೊಳಗೆ, ಹಾಲಿನ ಪಾತ್ರೆಯ ಹಿಂದೆ, ಒಂದು ಸ್ಟೀಲ್ ಡಬ್ಬಿಯಲ್ಲಿ ಅವ್ವನ ಇನ್ಸುಲಿನ್ ಆರು ಸೀಸೆ ಇದ್ದವು.

ಅವ್ವನಿಗೆ ಸಕ್ಕರೆ ಕಾಯಿಲೆ ಇರುವುದು, ಅದಕ್ಕೆ ದಿನಕ್ಕೆ ಎರಡು ಹೊತ್ತು ಸೂಜಿ ಚುಚ್ಚಿಕೊಳ್ಳುವುದು, ನಮ್ಮ ಮೂವರಿಗೆ ಮಾತ್ರ ಗೊತ್ತು ಎಂದು ನಾವು ನಂಬಿದ್ದೆವು. ಔಷಧಿಯನ್ನು ಊರಿನ ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ. ಅಪ್ಪ ಎರಡು ತಿಂಗಳಿಗೊಮ್ಮೆ ಕಲಬುರಗಿಯಿಂದ ತರುತ್ತಿದ್ದ. ಕಾರಣ ನಾನು. ‘ಅವ್ವಗ ಸೂಜಿ ಅಂದ್ರ ನಾಳೆ ಮಗಳಿಗೂ ಸೂಜಿ ಅಂತಾರ’ ಎನ್ನುವುದು ಅವ್ವನ ಮಾತು. ನನ್ನ ಮದುವೆ ಆಗುವವರೆಗೆ ಈ ಸುದ್ದಿ ಮನೆಯ ಹೊಸ್ತಿಲು ದಾಟಬಾರದು ಎಂದು ಆಣೆ ಹಾಕಿಸಿಕೊಂಡಿದ್ದಳು. ಹಿಂದಿನ ವರ್ಷ ಅವಳ ಕಾಲಬೆರಳಿಗೆ ಆದ ಸಣ್ಣ ಗಾಯ ಮಾಗಲು ಮೂರು ತಿಂಗಳು ಹಿಡಿದಿತ್ತು. ಆಗ ಬಂದವರಿಗೆಲ್ಲ ಕಲ್ಲು ಎಡವಿದ್ದಾಳೆ ಎಂದಿದ್ದೆವು. ಒಂದು ಹೊತ್ತೂ ತಪ್ಪಿಸಬೇಡಿ, ಇನ್ನೊಮ್ಮೆ ಹೀಗಾದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರರು ಅಪ್ಪನಿಗಲ್ಲ, ನನಗೆ ಹೇಳಿದ್ದರು.

ಮೂರು ಓಣಿ ಆಚೆ ಕರೆಂಟು ಇತ್ತು. ಅಲ್ಲಿ ಅಪ್ಪನ ಹಳೆಯ ಸ್ನೇಹಿತರ ಮನೆ ಇದೆ, ಅವರಿಗೆ ದೊಡ್ಡ ಫ್ರಿಜ್ ಇದೆ. ಒಂದು ಡಬ್ಬಿ ಇಟ್ಟು ಬಂದಿದ್ದರೆ ಮುಗಿಯುತ್ತಿತ್ತು.

‘ಡಬ್ಬ್ಯಾಗ ಏನದ ಅಂತ ಕೇಳಿದ್ರ?’ ಎಂದಳು ಅವ್ವ.

‘ಔಷಧ ಅಂತ ಹೇಳೋದು.’

‘ಯಾರಿಗಿ ಔಷಧ, ಯಾತಕ್ಕ ಔಷಧ? ಒಂದ ಮಾತು ಕೊಟ್ರ ಹತ್ತು ಕೇಳ್ತಾರ. ಗುರುವಾರ ಬರಾಕತ್ತಾರ ಅವರು, ನಿನಗ ನೆಪ್ಪ ಅದಿಲ್ಲೋ?’

ನೆನಪಿತ್ತು. ಗುರುವಾರ ಮುದನಾಳದ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು.

ಹೀಗೆ ಐಸ್ ನನ್ನ ತಲೆಗೆ ಬಂತು. ನಾನು ಶಹಾಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಅಲ್ಲಿನ ಸಹೋದ್ಯೋಗಿಯೊಬ್ಬರ ಗಂಡ ಗೆಳೆಯರೊಂದಿಗೆ ಡ್ಯಾಮಿನ ಹತ್ತಿರ ಡೇರೆ ಹಾಕಲು ಹೋಗುವಾಗ ಒಯ್ಯುವ ನೀಲಿ ಐಸ್ ಪೆಟ್ಟಿಗೆ ಇತ್ತು. ಸೋಮವಾರ ಅದನ್ನು ಕೇಳಿ ತಂದೆ. ಯಾತಕ್ಕೆಂದು ಅವರು ಕೇಳಿದಾಗ ಮನೆಗೆ ಜನ ಬರುತ್ತಾರೆ ಎಂದೆ. ನಾನೂ ಸುಳ್ಳನ್ನೇ ಹೇಳಿದೆ.

ಐಸ್ ಉಳಿಸುವುದು ಕಷ್ಟದ ಕೆಲಸವಲ್ಲ, ಆದರೆ ಅದಕ್ಕೆ ಶಿಸ್ತು ಬೇಕು. ಬಿಸಿ ಪೆಟ್ಟಿಗೆಗೆ ಐಸ್ ಹಾಕಿದರೆ ಅರ್ಧ ಐಸ್, ಪೆಟ್ಟಿಗೆಯನ್ನು ತಣ್ಣಗೆ ಮಾಡುವುದರಲ್ಲೇ ಹೋಗುತ್ತದೆ. ಅದಕ್ಕೇ ಮೊದಲು ಒಂದಿಷ್ಟು ಐಸ್ ಚೂರು ಹಾಕಿ ಎರಡು ತಾಸು ಬಿಟ್ಟು, ಆ ನೀರು ಚೆಲ್ಲಿ, ಆಮೇಲೆ ದೊಡ್ಡ ಗಡ್ಡೆಯನ್ನು ಇಳಿಸಿದೆ. ಚೂರಿಗಿಂತ ಗಡ್ಡೆ ಹೆಚ್ಚು ಹೊತ್ತು ನಿಲ್ಲುತ್ತದೆ. ಸುತ್ತ ಉಳಿದ ಜಾಗದಲ್ಲಿ ಗಾಳಿ ಓಡಾಡದಂತೆ ಹಳೆಯ ಪೇಪರು, ಬಟ್ಟೆ ತುಂಬಿದೆ. ಗಡ್ಡೆಯ ಅಡಿಗೆ ಸೇರುವ ತಣ್ಣೀರನ್ನು ಚೆಲ್ಲಬಾರದು, ಅದು ಬೆಚ್ಚನೆಯ ಗಾಳಿಗಿಂತ ಸಾವಿರ ಪಾಲು ಒಳ್ಳೆಯದು. ಪೆಟ್ಟಿಗೆಯನ್ನು ನಡುಮನೆಯ ಕತ್ತಲೆ ಮೂಲೆಯಲ್ಲಿ ನಾಲ್ಕು ಇಟ್ಟಂಗಿಯ ಮೇಲಿಟ್ಟು ಮೇಲೆ ಕೌದಿ ಹೊಚ್ಚಿದೆ. ಇನ್ಸುಲಿನ್ ಹೆಪ್ಪುಗಟ್ಟಿದರೂ ಕೆಡುತ್ತದೆ. ಆದ್ದರಿಂದ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಐಸಿಗೆ ತಾಗದಂತೆ ಮೇಲ್ಭಾಗದಲ್ಲಿಟ್ಟು, ಪಕ್ಕದಲ್ಲಿ ಪ್ರಯೋಗಾಲಯದ ಥರ್ಮಾಮೀಟರ್ ಇಟ್ಟೆ. ಸೋಮವಾರ ಸಂಜೆ ಅದು ಆರು ಡಿಗ್ರಿ ತೋರಿಸಿತು. ಅಷ್ಟೇ ಬೇಕಾಗಿದ್ದದ್ದು. ಮುಚ್ಚಳದ ಮೇಲೆ ‘ತೆಗೆಯಬೇಡಿ’ ಎಂದು ಬರೆದು ಅಂಟಿಸಿದೆ.

ಮಂಗಳವಾರ ಬೆಳಿಗ್ಗೆ ಪಕ್ಕದ ಮನೆಯಾಕೆ ಬಂದರು. ಕೌದಿ ಹೊದ್ದ ಪೆಟ್ಟಿಗೆ ಕಂಡಿತು. ಇದೇನು ಎಂದು ಕೇಳಿದರು. ಅವ್ವ ಒಂದು ಕ್ಷಣವೂ ತಡೆಯದೆ, ‘ಐಸ್ ತರಿಸೇವ್ರಿ, ಬಂದೋರಿಗಿ ತಣ್ಣೀರ ಕೊಡಾಕ’ ಎಂದಳು. ಹೇಳಿದ ಮೇಲೆ ಕೊಡಲೇಬೇಕಲ್ಲ. ನಮ್ಮ ಕಡೆ ಬಾಯಾರಿ ಬಂದವರಿಗೆ ನೀರಿಲ್ಲ ಎನ್ನುವಂತಿಲ್ಲ. ಅದರಲ್ಲೂ ತಣ್ಣೀರು ಇದೆ ಎಂದು ಬಾಯಿಬಿಟ್ಟು ಹೇಳಿ, ಬಿಸಿನೀರು ಕೊಟ್ಟರೆ ಅದು ಬೈದದ್ದಕ್ಕಿಂತ ಹೆಚ್ಚು. ಅವ್ವ ಮುಚ್ಚಳ ತೆಗೆದು, ಒಲೆಯ ಚಿಮಟಿಗೆಯಿಂದ ಗಡ್ಡೆಯ ಮೂಲೆ ಒಡೆದು, ತಂಬಿಗೆಗೆ ಹಾಕಿಕೊಟ್ಟಳು. ಹೊತ್ತು ಏರುವಷ್ಟರಲ್ಲಿ ಓಣಿಗೆಲ್ಲ ತಿಳಿಯಿತು. ಎಂದೂ ನಮ್ಮ ಮನೆಯ ಮೆಟ್ಟಿಲು ಹತ್ತದವರೂ ಬಂದರು.

‘ಮಾಸ್ತರಿಣಿ ಮನ್ಯಾಗ ಕಾಶ್ಮೀರ ಅದಂತಲ್ರಿ!’

‘ಬರ್ರಿ, ಕುಂದರ್ರಿ’ ಎಂದಳು ಅವ್ವ.

ನಾನು ಕಾಲೇಜಿನಿಂದ ಬಂದಾಗ ಥರ್ಮಾಮೀಟರ್ ಹದಿನೇಳಕ್ಕೆ ಏರಿತ್ತು. ಗಡ್ಡೆ ಇದ್ದಲ್ಲಿ ಮುಷ್ಟಿಯಷ್ಟು ಐಸ್. ಅಡಿಯ ತಣ್ಣೀರನ್ನು ಯಾರೋ ಗಿಡಕ್ಕೆ ಹಾಕಿದ್ದರು.

‘ಇದು ನಿನ್ನ ಔಷಧಕ್ಕ ತಂದಿದ್ದು’ ಎಂದು ಹಲ್ಲು ಕಚ್ಚಿ ಹೇಳಿದೆ.

‘ಮೆಲ್ಲಕ ಮಾತಾಡು’ ಎಂದಳು.

ಸಂಜೆ ಕಾಲೇಜಿನಿಂದ ಬರುವಾಗಲೆಲ್ಲ ಶಹಾಪುರದಿಂದ ಐಸ್ ಹೊತ್ತು ತಂದೆ. ಗೋಣಿಚೀಲದಲ್ಲಿ ಸುತ್ತಿ, ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು. ಎಷ್ಟು ಕಟ್ಟಿದರೂ ತೊಟ್ಟಿಕ್ಕುತ್ತಿತ್ತು. ಬುಧವಾರ ಕಂಡಕ್ಟರ್ ನೆಲದ ಮೇಲೆ ಹರಿದ ನೀರನ್ನು ನೋಡಿ, ‘ಏನ್ರಿ ಮೇಡಂ, ಮೀನ ತಂದೀರೇನು?’ ಎಂದ. ಹಣೆಯ ಮೇಲೆ ವಿಭೂತಿ ಇದ್ದ ಒಬ್ಬ ಮುದುಕ ಥಟ್ಟನೆ ಕಾಲು ಎತ್ತಿ ಸೀಟಿನ ಮೇಲಿಟ್ಟುಕೊಂಡ. ಬಸ್ಸು ನಕ್ಕಿತು. ಐಸ್ ಎಂದೆ. ‘ಹಂಗಾರ ಒಂದ ತುಂಡ ಕೊಡ್ರಿ, ಟಿಕೆಟ್ ಮಾಫ್’ ಎಂದ. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಆ ಸಂಜೆ ಬಳಿಚಕ್ರದಿಂದ ಅತ್ತಿ ಬಂದಳು. ಅಪ್ಪನ ಅಕ್ಕ. ಗಂಡನಿಲ್ಲದೆ ಇಪ್ಪತ್ತು ವರ್ಷ ಹೊಲ ಮಾಡಿದವಳು, ಎರಡು ಎಮ್ಮೆ ಸಾಕಿದವಳು, ಮನೆಯಲ್ಲಿ ಹೆಣ್ಣು ನೋಡುವ ಕಾರ್ಯವಿದ್ದರೆ ಕರೆಯದಿದ್ದರೂ ಬಂದು ಒಲೆ ಹಿಡಿಯುವವಳು. ಬಂದವಳೇ ಕೌದಿ ನೋಡಿದಳು.

‘ಐಸಿಗ್ಯಾಕ ಕೌದಿ ಹೊಚ್ಚೀರಬೇ? ಅದಕ್ಕೇನ ಚಳಿ ಆಗ್ಯಾದೇನು?’

‘ಹೊರಗಿನ ಕಾವು ಒಳಗ ಹೋಗಬಾರ್ದಂತ, ಅತ್ತಿ.’

‘ಹೊಚಗೊಂಡ್ರ ನಮಗ ಬೆಚ್ಚಗಾಗ್ತದ, ಐಸಿಗಿ ತಣ್ಣಗಾಗ್ತದ? ಭಾಳ ಓದೀಯವ್ವ ನೀನು’ ಎಂದು ಕೌದಿಯನ್ನು ಎಳೆದು ಮಡಚಿ ಅದರ ಮೇಲೆ ಕುಳಿತಳು.

ಅತ್ತಿ ನಡುಮನೆಯಲ್ಲೇ ಅವ್ವನ ಪಕ್ಕ ಮಲಗಿದಳು, ಅಡುಗೆಮನೆಯಲ್ಲೇ ಅವ್ವನ ಪಕ್ಕ ನಿಂತಳು. ಬುಧವಾರ ಸಂಜೆಯ ಸೂಜಿಯನ್ನು ಅವ್ವ ತೆಗೆದುಕೊಳ್ಳಲಿಲ್ಲ. ಆಗಿದೆಯೇ ಎಂದು ನಾನು ಕಣ್ಣಿನಲ್ಲೇ ಕೇಳಿದೆ, ಅವಳು ಹೂಂ ಎಂಬಂತೆ ತಲೆ ಆಡಿಸಿದಳು. ಗುರುವಾರ ಬೆಳಿಗ್ಗೆ ನಾನು ಪರೀಕ್ಷೆಯ ಮೇಲ್ವಿಚಾರಣೆಗೆ ಬೇಗ ಹೊರಡಬೇಕಿತ್ತು. ಆಗಲೂ ತಲೆ ಆಡಿಸಿದಳು. ಎರಡೂ ಸಲ ಸುಳ್ಳು.

ಮಧ್ಯಾಹ್ನ ಒಂದು ಗಂಟೆಗೆ ನಾನು ಹಿಂತಿರುಗಿದಾಗ ಅತ್ತಿ ಬಾಗಿಲಲ್ಲೇ ನಿಂತು ಹಿಗ್ಗಿನಿಂದ, ‘ಬಾ ಇಲ್ಲಿ, ನಿನ್ನ ಐಸ್ ಹೆಂಗ ಉಳಿಸೀನಿ ನೋಡು’ ಎಂದಳು.

ಬೇಸಿಗೆಯಲ್ಲಿ ಅವಳ ಊರಿಗೆ ಕುಲ್ಫಿಯವನು ಬರುತ್ತಾನೆ. ಅವನ ದೊಡ್ಡ ಕೊಡದಲ್ಲಿ ಕುಲ್ಫಿಯ ತಗಡಿನ ಕೊಳವೆಗಳ ಸುತ್ತ ಐಸ್ ಚೂರು, ಐಸಿನ ಮೇಲೆ ಹರಳುಪ್ಪು. ಉಪ್ಪಿದ್ದರೆ ಸಂಜೆಯವರೆಗೆ ಕುಲ್ಫಿ ಕಲ್ಲಿನಂತೆ ಇರುತ್ತದೆ. ಅತ್ತಿ ಅದನ್ನು ಚಿಕ್ಕಂದಿನಿಂದ ನೋಡಿದ್ದಳು, ನೋಡಿದ್ದನ್ನೇ ಮಾಡಿದ್ದಳು. ನನ್ನ ಗಡ್ಡೆಯನ್ನು ಒನಕೆಯಿಂದ ಒಡೆದು ಚೂರು ಮಾಡಿ, ಬೀಗರಿಗೆಂದು ಕದಡಿದ ನಿಂಬೆ ಶರಬತ್ತಿನ ಪಾತ್ರೆಯನ್ನು ನಡುವೆ ಇಟ್ಟು, ಸುತ್ತ ಒಂದು ಬೋಗುಣಿ ಹರಳುಪ್ಪು ಸುರಿದಿದ್ದಳು. ಮೇಲಿದ್ದ ಸ್ಟೀಲ್ ಡಬ್ಬಿ ಜಾಗ ಹಿಡಿಯುತ್ತಿತ್ತು. ಟವೆಲ್ ಬಿಚ್ಚಿ ಅದನ್ನು ಅಡಿಗೆ ಒತ್ತಿದ್ದಳು.

ಉಪ್ಪು ಐಸನ್ನು ಉಳಿಸುವುದಿಲ್ಲ. ಬೇಗ ಕರಗಿಸುತ್ತದೆ. ಕರಗಲು ಬೇಕಾದ ಕಾವನ್ನು ಸುತ್ತಲಿದ್ದ ಎಲ್ಲದರಿಂದ ಎಳೆದುಕೊಳ್ಳುತ್ತದೆ, ಅದಕ್ಕೇ ಕುಲ್ಫಿ ಗಟ್ಟಿಯಾಗುತ್ತದೆ. ಇದನ್ನು ನಾನು ಪ್ರತಿವರ್ಷ ಮೊದಲ ವರ್ಷದ ಮಕ್ಕಳಿಗೆ ಹಲಗೆಯ ಮೇಲೆ ಬರೆದು ಹೇಳಿಕೊಡುತ್ತೇನೆ. ಥರ್ಮಾಮೀಟರ್ ಸೊನ್ನೆಯ ಕೆಳಗೆ ಆರು ತೋರಿಸುತ್ತಿತ್ತು. ಉಪ್ಪುನೀರಿಗೆ ಕೈ ಹಾಕಿ ಡಬ್ಬಿ ತೆಗೆದೆ. ಆರು ಸೀಸೆಗಳಲ್ಲೂ ಬಿಳಿ ಗಡ್ಡೆ. ಒಂದು ಸೀಸೆ ಬಿರುಕು ಬಿಟ್ಟಿತ್ತು.

‘ಶರಬತ್ತೂ ಹೆಪ್ಪಾಗ್ಯಾದ, ಚಮಚದ್ಲೆ ಕೆರೆದು ಕೊಡೋಣ’ ಎಂದು ಅತ್ತಿ ನಗುತ್ತಿದ್ದಳು. ನನ್ನ ಮುಖ ನೋಡಿ ನಿಲ್ಲಿಸಿದಳು. ‘ಯಾಕ? ಡಬ್ಬ್ಯಾಗ ಏನಿತ್ತು? ನಿನ್ನ ಮುಖಕ್ಕ ಹಚ್ಚೋ ಕ್ರೀಮ್ ಅಂತ ತಿಳಿದಿದ್ನಲ್ಲ ನಾ.’

ನಾನು ಒಂದು ಸೀಸೆ ಹಿಡಿದುಕೊಂಡೇ ಅವ್ವನ ಹತ್ತಿರ ಹೋದೆ. ಅವಳು ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಹೊಸ ಸೀರೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಕುಡಿದು ಖಾಲಿ ಮಾಡಿದ ಕೊಡ. ತುಟಿ ಒಣಗಿತ್ತು. ಬೆರಳು ಚುಚ್ಚಿ ಪರೀಕ್ಷಿಸುವ ಯಂತ್ರವನ್ನು ತೆಗೆದೆ. ಅವಳಲ್ಲಿ ನಾನು ಎಂದೂ ಕಾಣದಷ್ಟು ದೊಡ್ಡ ಅಂಕಿ ಬಂತು.

‘ಎಷ್ಟ ಹೊತ್ತು ತಪ್ಪಿಸೀದಿ?’

‘ಎರಡ. ಅಕ್ಕ ಬಾಜೂಕ ಇದ್ಳು, ಹೆಂಗ ತಗೋಲಿ?’

ಆಸ್ಪತ್ರೆಗೆ ನಡೆ ಎಂದೆ. ಮಂಚದ ಕಾಲು ಹಿಡಿದುಕೊಂಡಳು. ‘ಅವರು ನಾಲ್ಕಕ್ಕ ಬರ್ತಾರ. ಆಸ್ಪತ್ರಿ ಬಾಗಲಾಗ ನಾ ಕುಂತಿದ್ದು ಯಾರರೆ ನೋಡಿದ್ರ? ಇವತ್ತೊಂದ ದಿನ ತಾಳು.’ ಆಮೇಲೆ ನನ್ನ ಕೈಯಲ್ಲಿದ್ದ ಸೀಸೆ ನೋಡಿ, ‘ಕರಗಿದ ಮ್ಯಾಲ ಅದ ಔಷಧ ಅಲ್ಲೇನು? ಹಾಕಿಬಿಡು’ ಎಂದಳು.

‘ಅದು ಇನ್ನ ಔಷಧ ಅಲ್ಲ.’

‘ನೀ ಹೇಳಿದ್ದೆಲ್ಲ ಖರೇ ಏನು?’

ಇದಕ್ಕೆ ನನಗೆ ಬಂದ ಸಿಟ್ಟು ಆ ವಾರದ ಸಿಟ್ಟುಗಳಲ್ಲೇ ದೊಡ್ಡದು. ಅವಳ ದೇಹವನ್ನು ನನ್ನ ಹೆಸರಿನಲ್ಲಿ ಕೆಡಿಸುತ್ತಿದ್ದಳು. ನಾನು ಕೇಳದೆ ಇದ್ದ ತ್ಯಾಗಕ್ಕೆ ನನ್ನನ್ನು ಸಾಲಗಾರಳನ್ನಾಗಿ ಮಾಡುತ್ತಿದ್ದಳು. ಬೆರಳು ಹೋದರೆ, ಕಣ್ಣು ಹೋದರೆ, ‘ನಿನ್ನ ಸಲುವಾಗಿ’ ಎನ್ನುವ ಮಾತು ನನ್ನ ಜೀವಮಾನವೆಲ್ಲ ಆ ಮನೆಯಲ್ಲಿ ಓಡಾಡುತ್ತಿತ್ತು. ಆದರೆ ಬಾಯಿಂದ ಬಂದದ್ದು ಇಷ್ಟೇ: ‘ನಾ ಶಹಾಪುರಕ್ಕ ಹೋಗಾಕತ್ತೀನಿ.’

ಅಪ್ಪ ಆ ಹೊತ್ತಿಗೆ ಪೇಟೆಯ ಔಷಧಿ ಅಂಗಡಿಗೆ ಫೋನು ಮಾಡಿ ನೋಡಿದ್ದ. ಅಲ್ಲಿ ಅವ್ವನ ಇನ್ಸುಲಿನ್ ಇರಲಿಲ್ಲ. ಓಣಿಯ ತುದಿಯ ಅಂಗಡಿಯ ಫ್ರಿಜ್ಜು ನಮ್ಮ ಫ್ರಿಜ್ಜಿನಂತೆಯೇ ಸತ್ತಿತ್ತು. ‘ನಾ ಹೋಗ್ತೀನಿ’ ಎಂದ. ಗಂಡಿನ ಕಡೆಯವರನ್ನು ಎದುರುಗೊಳ್ಳಲು ಮನೆಯ ಯಜಮಾನನೇ ಇಲ್ಲದಿದ್ದರೆ ಹೇಗೆ ಎಂದು ಅವ್ವ. ಹೆಣ್ಣೇ ಇಲ್ಲದಿದ್ದರೆ ಹೇಗೆ ಎಂದು ಅಪ್ಪ. ಅವರಿಬ್ಬರ ನಡುವೆ ಬಾಗಿಲಲ್ಲಿ ಅತ್ತಿ ನಿಂತಿದ್ದಳು.

ಅವಳ ಕಡೆ ತಿರುಗಿ ಹೇಳಿದೆ. ‘ಅವ್ವಗ ಸಕ್ಕರಿ ಅದ, ಅತ್ತಿ. ದಿನಾ ಎರಡ ಹೊತ್ತು ಸೂಜಿ. ಆ ಡಬ್ಬ್ಯಾಗ ಇದ್ದದ್ದು ಅದ.’

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

‘ಸಕ್ಕರಿ ಅದ ಅಂತ ನನಗ ಗೊತ್ತದ’ ಎಂದಳು ಅತ್ತಿ. ‘ನಾಕ ವರ್ಷ ಆತು, ನಿಮ್ಮವ್ವ ಹೋಳಿಗಿ ಮುರದು ತಾಟಿನ ಅಂಚಿಗಿ ಸರಸ್ತಾಳ. ನಾ ಕುರುಡೇನು? ಸೂಜಿ ತನಕ ಹೋಗ್ಯಾದ ಅಂತ ಗೊತ್ತಿರಲಿಲ್ಲ. ನೀವು ಹೇಳಲಿಲ್ಲ. ಹೇಳದ ಮಂದೀನ ಹೆಂಗ ಕೇಳ್ಬೇಕು?’

ನಾಲ್ಕು ವರ್ಷ. ನಾವು ಯಾರಿಂದ ಮುಚ್ಚಿಟ್ಟಿದ್ದೆವೋ ಅವಳು ಮರ್ಯಾದೆಗೆ ಸುಮ್ಮನಿದ್ದಳು. ನಮ್ಮ ಗುಟ್ಟು ಒಂದು ದಿನವೂ ಗುಟ್ಟಾಗಿರಲಿಲ್ಲ, ಆರು ಸೀಸೆಗಳನ್ನು ಮಾತ್ರ ಕೊಂದಿತ್ತು. ನನ್ನ ಪಾಲೂ ಅದರಲ್ಲಿತ್ತು. ‘ತೆಗೆಯಬೇಡಿ’ ಎಂದು ಬರೆದವಳು ಯಾಕೆ ಎಂದು ಬರೆಯಲಿಲ್ಲ. ನನಗೂ ಹೇಳದಿರುವುದೇ ಹಿತವಾಗಿತ್ತು. ನಾಲ್ಕು ಜನರ ನಡುವೆ ಒಂದು ವಾಕ್ಯ ಹೇಳುವುದಕ್ಕಿಂತ ಬಸ್ಸಿನಲ್ಲಿ ಐಸ್ ಹೊರುವುದು ನನ್ನ ಸ್ವಭಾವಕ್ಕೆ ಸುಲಭ.

ಎರಡು ಗಂಟೆಯ ಬಸ್ಸು ಸಿಕ್ಕಿತು. ಶಹಾಪುರದ ಬಸ್ ನಿಲ್ದಾಣದ ಎದುರಿನ ಮೆಡಿಕಲ್‌ನಲ್ಲಿ ಔಷಧಿ ಇತ್ತು. ಅಂಗಡಿಯವರು ಸೀಸೆಯನ್ನು ಕಾಗದದಲ್ಲಿ ಸುತ್ತಿ, ಐಸ್ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ‘ಯಾರಿಗ್ರಿ?’ ಎಂದು ಕೇಳಿದರು. ‘ಅವ್ವಗ’ ಎಂದೆ. ಅವರು ತಲೆ ಆಡಿಸಿ ಮುಂದಿನ ಗಿರಾಕಿಯ ಚೀಟಿ ತೆಗೆದುಕೊಂಡರು. ಅಷ್ಟೇ. ಪ್ರಪಂಚ ಮುಳುಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಮನೆ ಮುಟ್ಟಿದಾಗ ಐದು ದಾಟಿತ್ತು. ಹೊರಗೆ ಬಿಳಿ ಕಾರು ನಿಂತಿತ್ತು. ಪಡಸಾಲೆಯಲ್ಲಿ ಗಂಡಿನ ಕಡೆಯವರು ಐದು ಜನ ಕುಳಿತಿದ್ದರು. ಕಾಲೇಜಿಗೆ ಉಟ್ಟ ಅದೇ ಸೀರೆಯಲ್ಲಿ, ಬೆವರಿನಲ್ಲಿ, ಕೈಯಲ್ಲಿ ತೊಟ್ಟಿಕ್ಕುವ ಚೀಲ ಹಿಡಿದು ನಾನು ಅವರ ನಡುವೆಯೇ ಹಾದು ಹೋಗಬೇಕಿತ್ತು. ನಮ್ಮ ಮನೆಗೆ ಬೇರೆ ದಾರಿ ಇಲ್ಲ.

‘ಏನವ್ವ ಅದು, ಐಸ?’ ಎಂದರು ಗಂಡಿನ ತಾಯಿ. ‘ನಮ್ಮ ಸಲುವಾಗಿ ಇಷ್ಟ ತ್ರಾಸ ಯಾಕ ತಗೊಂಡಿ?’

‘ನಿಮ್ಮ ಸಲುವಾಗಿ ಅಲ್ರಿ. ಇದು ನಮ್ಮವ್ವನ ಇನ್ಸುಲಿನ್.’

ಅಪ್ಪ ನೆಲ ನೋಡಿದ. ಆ ಹೆಂಗಸು ಚೀಲವನ್ನೂ ನನ್ನನ್ನೂ ಒಮ್ಮೆ ನೋಡಿ, ‘ಹೋಗು, ಮೊದಲ ಅದು ಕೊಡು’ ಎಂದರು. ಆ ಮಾತಿನ ಹಿಂದೆ ಏನಿತ್ತೋ ಗೊತ್ತಿಲ್ಲ. ಆಮೇಲೆ ಅವರು ಏನು ಹೇಳಿ ಕಳಿಸಿದರು ಎಂಬುದು ನನ್ನ ಸಂಗತಿ.

ಹಿಂದಿನ ಕೋಣೆಯಲ್ಲಿ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊಸ ಸೀರೆ ಉಟ್ಟಿದ್ದಳು, ಕಣ್ಣು ಕೆಂಪಾಗಿತ್ತು. ನಾನು ಸಿರಿಂಜ್ ತೆಗೆದಾಗ ತೋಳು ಹಿಂದಕ್ಕೆಳೆದುಕೊಂಡಳು.

‘ನೀ ಮುಟ್ಟಬ್ಯಾಡ. ಪಡಸಾಲ್ಯಾಗ ನನ್ನ ಡಂಗುರ ಹೊಡದು ಬಂದಿ.’

‘ಹೂಂ, ಹೊಡದೀನಿ.’

‘ನಿನ್ನ ಕೈಲೆ ನಾ ತಗೊಳಂಗಿಲ್ಲ. ಸತ್ರೂ ತಗೊಳಂಗಿಲ್ಲ.’

ಹೊರಗೆ ಚಹಾದ ಕಪ್ಪು, ಬಸಿಗಳ ಸದ್ದು. ಒಳಗೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದೆ ನಿಂತಿದ್ದೆವು. ಅವಳ ಉಸಿರಿನಿಂದ ಹುಳಿತ ಹಣ್ಣಿನಂಥ ವಾಸನೆ ಬರುತ್ತಿತ್ತು. ಇನ್ಸುಲಿನ್ ಇಲ್ಲದೆ ರಕ್ತ ವಿಷವಾಗುತ್ತಿರುವ ವಾಸನೆ ಅದು ಎಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಕೂಗಬೇಕೆನಿಸಿತು.

ಅತ್ತಿ ಒಳಗೆ ಬಂದು ನನ್ನ ಕೈಯಿಂದ ಸಿರಿಂಜ್ ತೆಗೆದುಕೊಂಡಳು. ‘ಸರಿ ಆಚಿ. ಎಮ್ಮಿಗಿ ಎಷ್ಟ ಸಲ ಚುಚ್ಚೀನಿ, ಇವಳೇನ ಎಮ್ಮಿಗಿಂತ ಹೆಚ್ಚಿಗಿ ಒದಿತಾಳ? ಹೇಳು, ಎಷ್ಟ ಎಳೀಬೇಕು?’

ಅವ್ವ ಗೋಡೆಯ ಕಡೆ ಮುಖ ಮಾಡಿ ಹೊಟ್ಟೆಯ ಮೇಲಿನ ಸೆರಗು ಸರಿಸಿದಳು. ನಾಲ್ಕು ವರ್ಷದ ಸಣ್ಣ ಸಣ್ಣ ಕಲೆಗಳು ಅಲ್ಲಿದ್ದವು. ಅತ್ತಿ ಅವುಗಳನ್ನು ನೋಡಿ ಒಂದು ಕ್ಷಣ ತಡೆದಳು.

‘ಹದಿನಾರು’ ಎಂದೆ ಬಾಗಿಲಿನಿಂದ. ‘ಗಾಳಿ ಗುಳ್ಳಿ ತೆಗಿ ಮೊದಲ. ಚರ್ಮ ಚಿವುಟಿ ಹಿಡಿ. ಗಡಬಡಿಸಬ್ಯಾಡ.’

‘ಇಷ್ಟ ಸಣ್ಣ ಸೂಜಿಗಿ ಇಷ್ಟ ದೊಡ್ಡ ನಾಟಕ’ ಎಂದು ಗೊಣಗುತ್ತ ಅತ್ತಿ ಚುಚ್ಚಿದಳು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು ಎಂದೆ. ಅವಳು ಜೋರಾಗಿಯೇ ಎಣಿಸಿದಳು, ಪಡಸಾಲೆಗೆ ಕೇಳುವಷ್ಟು ಜೋರಾಗಿ. ಐದಕ್ಕೆ ಅವ್ವ ‘ಮೆಲ್ಲಕ’ ಎಂದಳು. ಅತ್ತಿ ಆರು ಎಂದು ಇನ್ನಷ್ಟು ದೊಡ್ಡದಾಗಿ ಹೇಳಿದಳು.

ಹತ್ತು ಮುಗಿದ ಮೇಲೆ ನಾನು ಗಡಿಯಾರ ನೋಡಿ ಹೊತ್ತನ್ನು ಬರೆದುಕೊಂಡೆ. ಇನ್ನು ಎರಡು ತಾಸಿಗೆ ಮತ್ತೆ ಬೆರಳು ಚುಚ್ಚಿ ನೋಡಬೇಕು, ಅಂಕಿ ಇಳಿಯದಿದ್ದರೆ ಆಸ್ಪತ್ರೆಗೆ, ಮಂಚ ಸಮೇತ ಹೊತ್ತಾದರೂ ಸರಿ, ಎಂದು ಅವ್ವನಿಗೆ ಹೇಳಿದೆ. ಅವಳು ಗೋಡೆಯನ್ನೇ ನೋಡುತ್ತಿದ್ದಳು. ನನ್ನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಅವಳದೂ ಇಳಿದಿರಲಿಲ್ಲ. ಏಳೂವರೆಗೆ ಬೆರಳು ಮುಂದೆ ಚಾಚಿದಳು, ಮುಖ ಮಾತ್ರ ತಿರುಗಿಸಲಿಲ್ಲ. ಅಂಕಿ ಇಳಿದಿತ್ತು.